ಮೂರನೆಯ ದಿನದ ನಮೂನೆ

ಬುಧವಾರ ಸಂಜೆ ಸೊಸೆ ರೇಖಾ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಹೆರಿಗೆಯಾಗಿ ಮೂರನೆಯ ದಿನ. ಅವತ್ತು ಬೆಳಿಗ್ಗೆಯಷ್ಟೇ ಆಸ್ಪತ್ರೆಯಿಂದ ಮನೆಗೆ ಕರೆತಂದಿದ್ದೆವು.

“ಅತ್ತಿ, ಕೂಸು ಕುಡಿವಲ್ದು ನೋಡ್ರಿ. ಬಾಯಾಗ ಇಟ್ರ ಹಂಗ ನಿದ್ದಿ ಹೋಗತೈತಿ.”

ನಾನು ರೊಟ್ಟಿ ಬಡಿಯುತ್ತಿದ್ದೆ. ತಿರುಗಿ ನೋಡಲಿಲ್ಲ.

“ಚೊಚ್ಚಲ ತಾಯಂದಿರು ಎಲ್ಲಾರೂ ಇದನ್ನ ಹೇಳ್ತಾರ. ಇನ್ನೂ ಹಾಲು ಇಳಿದಿಲ್ಲ, ಅಷ್ಟ. ನಾಳಿಗೆ ತಾನ ಕುಡಿತೈತಿ. ಹೋಗು, ಗಾಳಿಗೆ ನಿಂದ್ರಬ್ಯಾಡ.”

ಅವಳು ಹೋದಳು.

ಹೀಗೆ ಹೇಳಿದವಳು ಏನೂ ತಿಳಿಯದ ಹೆಂಗಸಲ್ಲ. ನಾನು ಆಶಾ ಕಾರ್ಯಕರ್ತೆ. ರಾಣೆಬೆನ್ನೂರಿನಲ್ಲಿ ಕುಪ್ಪೇಲೂರು ಬಸ್ಸು ಹತ್ತಿದರೆ ದಾರಿಯಲ್ಲಿ ಸಿಗುವ ಸಣ್ಣ ಊರು ನಮ್ಮದು. ಅಲ್ಲಿ ಯಾರ ಮನೆಯಲ್ಲಿ ಕೂಸು ಹುಟ್ಟಿದರೂ ಮೂರನೆಯ ದಿನ, ಏಳನೆಯ ದಿನ, ಹದಿನಾಲ್ಕನೆಯ ದಿನ, ಹೀಗೆ ನಲವತ್ತೆರಡು ದಿನ ಆಗುವವರೆಗೆ ಹೋಗಿ ನೋಡಿ ಬರುವುದು ನನ್ನ ಕೆಲಸ. ಕೈ ತೊಳೆದುಕೊಂಡು ಕೂಸಿನ ಬಟ್ಟೆ ಬಿಚ್ಚಬೇಕು. ಕಂಕುಳಲ್ಲಿ ಥರ್ಮಾಮೀಟರ್ ಇಡಬೇಕು. ಜೋಳಿಗೆ ತಕ್ಕಡಿಯಲ್ಲಿ ತೂಗಬೇಕು. ಗಡಿಯಾರ ಹಿಡಿದು ಪೂರ್ತಿ ಒಂದು ನಿಮಿಷ ಉಸಿರು ಎಣಿಸಬೇಕು. ಹಾಲು ಕುಡಿಯುತ್ತದೆಯೇ, ಕೈಕಾಲು ಆಡಿಸುತ್ತದೆಯೇ, ಹೊಕ್ಕುಳ ಒಣಗಿದೆಯೇ, ಎಲ್ಲವನ್ನೂ ಸರ್ಕಾರದ ನಮೂನೆಯಲ್ಲಿ ತುಂಬಬೇಕು. ಹದಿನಾಲ್ಕು ವರ್ಷದಿಂದ ಇದನ್ನೇ ಮಾಡುತ್ತಿದ್ದೇನೆ. ಕೂಸು ಕುಡಿಯುವುದು ಬಿಟ್ಟರೆ ಒಂದು ತಾಸೂ ಕಾಯಬೇಡಿ ಎಂದು ಎಷ್ಟು ಮನೆಯ ಅತ್ತೆಯರನ್ನು ಬೈದಿದ್ದೇನೋ ಲೆಕ್ಕವಿಲ್ಲ. ನನ್ನ ಬಾಯಿ ಊರಿಗೆಲ್ಲ ಗೊತ್ತು.

ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು ಎನ್ನುವುದು ನಮ್ಮ ಕಡೆಯ ಪದ್ಧತಿ. ರೇಖಾಳ ತವರು ಬ್ಯಾಡಗಿ. ಅವಳ ತಾಯಿ ನೀಲವ್ವ ಅಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಾಳೆ. ಏಳನೆಯ ತಿಂಗಳ ಕುಬಸದ ಶಾಸ್ತ್ರ ಮುಗಿಸಿ ಮಗಳನ್ನು ಕರೆದೊಯ್ಯಲು ನಿಂತಾಗ ತಡೆದವಳು ನಾನೇ.

“ಆ ಘಾಟಿನಾಗ ಬಾಣಂತನ ಬ್ಯಾಡ್ರಿ ಬೀಗತಿ. ಇಲ್ಲೆ ನಾ ಅದೀನಲ್ರಿ. ಮನ್ಯಾಗ ನರ್ಸ್ ಇದ್ದಂಗ.”

ನೀಲವ್ವ ಮಗಳ ತಲೆ ಸವರಿ, ಖಾಲಿ ಕೈಯಲ್ಲಿ ಬಸ್ಸು ಹತ್ತಿದಳು. ನನಗೆ ಗೆದ್ದೆ ಅನ್ನಿಸಿತ್ತು. ಈಗ ಅದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಅನ್ನಿಸಿದ್ದು ಹಾಗೆಯೇ.

ಹೆರಿಗೆ ಸೋಮವಾರ ಬೆಳಗಿನ ಆರು ಗಂಟೆಗೆ ರಾಣೆಬೆನ್ನೂರಿನ ಆಸ್ಪತ್ರೆಯಲ್ಲಿ ಆಯಿತು. ಗಂಡು. ಎರಡು ಕೆಜಿ ಏಳುನೂರು ಗ್ರಾಂ. ಹಿಂದಿನ ದಿನ ಬೆಳಿಗ್ಗೆಯೇ ನೀರು ಸ್ವಲ್ಪ ಸ್ವಲ್ಪ ಒಸರಲು ಶುರುವಾಗಿತ್ತಂತೆ. ರೇಖಾ ಅದನ್ನು ಮೂತ್ರವೆಂದುಕೊಂಡು ಸಂಜೆಯವರೆಗೆ ಯಾರಿಗೂ ಹೇಳಿರಲಿಲ್ಲ. ಕೂಸು ಹುಟ್ಟಿದ ಕೂಡಲೇ ಅತ್ತಿತು, ಹಾಲು ಕುಡಿಯಿತು. ಎರಡು ದಿನ ಇಟ್ಟುಕೊಂಡು ನೋಡಿ, ಎಲ್ಲ ಸರಿಯಿದೆ ಎಂದು ಬುಧವಾರ ಕಳಿಸಿದರು.

ಗುರುವಾರ ಆರೋಗ್ಯ ಕೇಂದ್ರದಲ್ಲಿ ನಮ್ಮ ತಿಂಗಳ ಸಭೆ. ನಾನು ಅವಸರದಲ್ಲಿ ಹೊರಟಿದ್ದಾಗ ರೇಖಾ ಮತ್ತೊಮ್ಮೆ ಹೇಳಿದಳು, ರಾತ್ರಿಯೆಲ್ಲ ಕೂಸು ಒಮ್ಮೆಯೂ ಅಳಲಿಲ್ಲ, ಎಬ್ಬಿಸಿದರೂ ಏಳಲಿಲ್ಲ ಎಂದು.

“ಮಲಗೋ ಕೂಸು ಸಿಕ್ಕೈತಿ. ಪುಣ್ಯ ಮಾಡೀದಿ ನೀ,” ಎಂದು ನಕ್ಕು ಚಪ್ಪಲಿ ಮೆಟ್ಟಿದೆ. ಹಾಸಿಗೆಯ ಹತ್ತಿರ ಹೋಗಿ ಕೂಸಿನ ಹೊಟ್ಟೆ ಮುಟ್ಟಿ ನೋಡಲು ಎರಡು ನಿಮಿಷ ಸಾಕಿತ್ತು. ಥರ್ಮಾಮೀಟರ್ ಇದ್ದ ಚೀಲ ನನ್ನ ಹೆಗಲ ಮೇಲೆಯೇ ಇತ್ತು.

ಸಭೆಯಲ್ಲಿ ಎಲ್ಲರ ನಮೂನೆಗಳನ್ನು ಕೇಳಿದರು. ನನ್ನದು ಒಂದು ಬಾಕಿ ಇತ್ತು. ನನ್ನ ಮೊಮ್ಮಗನದು.

ಅಲ್ಲೇ ಬೆಂಚಿನ ಮೇಲೆ ಕುಳಿತು ತುಂಬಿದೆ. ಭೇಟಿಯ ದಿನ, ಬುಧವಾರ. ತಾಪಮಾನ 98.2. ತೂಕ 2.7. ಉಸಿರು ನಿಮಿಷಕ್ಕೆ 44. ಹಾಲು ಕುಡಿಯುವುದು, ಚೆನ್ನಾಗಿ. ಕೈಕಾಲು, ಚಟುವಟಿಕೆಯಿಂದಿವೆ. ಹೊಕ್ಕುಳ, ಒಣಗಿದೆ.

ಒಂದೂ ನೋಡಿ ಬರೆದದ್ದಲ್ಲ.

ಬೇರೆ ಯಾರ ಮನೆಯದನ್ನೂ ನಾನು ಹೀಗೆ ಕೂತಲ್ಲಿ ತುಂಬಿದವಳಲ್ಲ, ದೇವರಾಣೆ. ಕೆಸರು ತುಳಿದುಕೊಂಡು ಹೊಲದ ಮನೆಗಳಿಗೆ ಹೋಗಿ ತೂಗಿ ಬಂದಿದ್ದೇನೆ. ಇದು ನನ್ನ ಮನೆಯದೇ ಕೂಸು, ಕಣ್ಣೆದುರೇ ಇದೆ, ಇದಕ್ಕೆ ಬೇರೆ ಭೇಟಿ ಏನು ಎಂದುಕೊಂಡೆ. ಒಂದೇ ಮನೆಯಲ್ಲಿ ಇದ್ದೇನೆ ಎಂದಮೇಲೆ ನೋಡಿದಂತೆಯೇ ಎಂದು ಮನಸ್ಸು ಒಪ್ಪಿಕೊಂಡುಬಿಟ್ಟಿತ್ತು. ಮೇಲ್ವಿಚಾರಕಿ ಹಾಳೆ ತಿರುವಿ ನೋಡಿ, “ಗಿರಿಜಕ್ಕಂದು ಯಾವತ್ತೂ ಪಕ್ಕಾ ಇರತೈತಿ,” ಎಂದರು. ನಾನು ಸೆರಗು ಸರಿಮಾಡಿಕೊಂಡು ಕುಳಿತೆ.

ಶುಕ್ರವಾರ ಐದನೆಯ ದಿನ. ಆ ದಿನ ಸೆಟಿಗೆವ್ವ ಬಂದು ಕೂಸಿನ ಹಣೆಬರಹ ಬರೆಯುತ್ತಾಳೆ ಎಂದು ನಮ್ಮಲ್ಲಿ ಪೂಜೆ ಮಾಡುತ್ತಾರೆ. ನೀಲವ್ವ ಬೆಳಿಗ್ಗೆಯೇ ಬ್ಯಾಡಗಿಯಿಂದ ಬಾಣಂತಿಗೆ ಅಂಟಿನುಂಡಿ, ಕೂಸಿನ ತಲೆಗೆ ಕಟ್ಟಲು ಕುಂಚಿಗೆ ತಂದಿದ್ದಳು. ಬಂದವಳೇ ಬಚ್ಚಲಿಗೆ ಹೋಗಿ ಮೂರು ಸಲ ಸೋಪು ಹಚ್ಚಿ ಕೈ ತೊಳೆದಳು. ವರ್ಷಗಟ್ಟಲೆ ಮೆಣಸಿನಕಾಯಿ ಬಿಡಿಸಿದ ಕೈ. ಅಂಗೈಗೆ ಬಿಸಿ ತಂಪು ಬೇಗ ತಿಳಿಯುವುದಿಲ್ಲ ಎಂದು ಅವಳೇ ಹೇಳುತ್ತಿದ್ದಳು. ಅದಕ್ಕೇ ಕೂಸನ್ನು ಎತ್ತಿಕೊಂಡು ಗಲ್ಲಕ್ಕೆ ಗಲ್ಲ ಹಚ್ಚಿದಳು.

“ಬೀಗತಿ, ಕೂಸು ತಣ್ಣಗೈತಿ.”

“ಫ್ಯಾನಿನ ಗಾಳಿಗೆ ಇರಬೇಕ್ರಿ,” ಎಂದೆ.

ಅವಳು ಅಂಗಿಯೊಳಗೆ ಮುಖ ಇಟ್ಟು ನೋಡಿದಳು. “ಹೊಟ್ಟಿನೂ ತಣ್ಣಗೈತ್ರಿ. ಬರ್ರಿ ಇಲ್ಲೆ.”

ಆಗ ಚೀಲ ಬಿಚ್ಚಿದೆ. ಥರ್ಮಾಮೀಟರ್ 95 ತೋರಿಸಿತು. ಬ್ಯಾಟರಿ ಹೋಗಿರಬೇಕು ಎಂದು ನನ್ನ ಕಂಕುಳಲ್ಲಿ ಇಟ್ಟುಕೊಂಡು ನೋಡಿದೆ. ಸರಿಯಾಗಿಯೇ ಇತ್ತು. ಮತ್ತೆ ಕೂಸಿಗೆ ಇಟ್ಟೆ. 94.8. ಬಟ್ಟೆ ಬಿಚ್ಚಿದರೆ ಮೈ ಬೂದಿ ಬಣ್ಣಕ್ಕೆ ತಿರುಗಿತ್ತು. ಕಾಲು ಎತ್ತಿ ಬಿಟ್ಟರೆ ಹಾಗೆಯೇ ಬಿತ್ತು. ಅಂಗಾಲು ತಿಕ್ಕಿದೆ, ಬೆರಳಿನಿಂದ ಹೊಡೆದೆ. ಅಳುವಂತೆ ಬಾಯಿ ತೆರೆಯಿತು, ದನಿ ಬರಲಿಲ್ಲ. ಉಸಿರು ಎಣಿಸಿದೆ. ಅರವತ್ತು ದಾಟಿದರೆ ಅಪಾಯ ಎಂದು ನಾನೇ ಊರಿಗೆಲ್ಲ ಕಲಿಸಿದ್ದೇನೆ. ಎಪ್ಪತ್ತೆರಡು.

ಗೊತ್ತಿದ್ದದ್ದೆಲ್ಲ ಆಗ ನೆನಪಿಗೆ ಬಂತು. ಕೂಸನ್ನು ರೇಖಾಳ ಬರಿ ಎದೆಗೆ ಒತ್ತಿ ಮಲಗಿಸಿ ಮೇಲೆ ಕಂಬಳಿ ಸುತ್ತಿದೆ. ಆಂಬ್ಯುಲೆನ್ಸ್‌ಗೆ ಫೋನ್ ಮಾಡಿದೆ. ರಾಣೆಬೆನ್ನೂರಿನಲ್ಲಿ ಮೊದಲ ಇಂಜೆಕ್ಷನ್ ಕೊಟ್ಟು, ಆಕ್ಸಿಜನ್ ಹಚ್ಚಿ, ತಡ ಮಾಡದೆ ಹಾವೇರಿಗೆ ಕಳಿಸಿದರು. ದಾರಿಯುದ್ದಕ್ಕೂ ನೀಲವ್ವ ಮಗಳ ಬೆನ್ನು ಹಿಡಿದುಕೊಂಡಿದ್ದಳು. ನಾನು ಉಸಿರು ಎಣಿಸುತ್ತಿದ್ದೆ. ಎಣಿಸುವುದು ಬಿಟ್ಟರೆ ನಿಂತುಬಿಡುತ್ತದೆ ಎಂಬ ಭಯ.

ಹಾವೇರಿಯ ದೊಡ್ಡ ಆಸ್ಪತ್ರೆಯಲ್ಲಿ ನವಜಾತ ಶಿಶುಗಳಿಗೇ ಒಂದು ಘಟಕ. ಗಾಜಿನ ಬಾಗಿಲು. ಒಳಗೆ ಸಾಲಾಗಿ ಕೂಸುಗಳನ್ನು ಬೆಚ್ಚಗಿಡುವ ವಾರ್ಮರ್‌ಗಳು. ಡಾಕ್ಟರ್ ನನ್ನ ಮಗನ ವಯಸ್ಸಿನ ಹುಡುಗಿ, ದಪ್ಪ ಕನ್ನಡಕ. ಕೂಸಿನ ಎದೆಗೆ ತಂತಿ ಹಚ್ಚುತ್ತಲೇ ಕೇಳಿದರು.

“ಯಾವಾಗಿಂದ ಹಾಲು ಬಿಟ್ಟದ?”

ರೇಖಾಳನ್ನು ಹೊರಗೆ ವೀಲ್‌ಚೇರಿನಲ್ಲಿ ಕೂರಿಸಿದ್ದರು. ಹೊಲಿಗೆ ಇನ್ನೂ ಹಸಿ, ಅವಳಿಗೆ ನಿಲ್ಲಲು ಆಗುತ್ತಿರಲಿಲ್ಲ. ಉತ್ತರ ಕೊಟ್ಟವಳು ನಾನು.

“ಇವತ್ತು ಮುಂಜಾನಿಯಿಂದ್ರಿ ಮೇಡಂ. ನಾನೂ ಆಶಾ ಅದೀನ್ರಿ. ಮೂರನೇ ದಿನದ ಫಾರ್ಮ್ ಐತಿ ನೋಡ್ರಿ, ಎಲ್ಲಾ ನಾರ್ಮಲ್ ಇತ್ತು.”

ಮೊಬೈಲಿನಲ್ಲಿದ್ದ ನಮೂನೆಯ ಫೋಟೋ ತೋರಿಸಿದೆ. ಯಾಕೆ ತೋರಿಸಿದೆ ಎಂದು ಇವತ್ತಿಗೂ ನನಗೆ ಪೂರ್ತಿ ತಿಳಿದಿಲ್ಲ. ಬಾಯಿ ಮನಸ್ಸಿಗಿಂತ ಮೊದಲೇ ಓಡಿತು. ಡಾಕ್ಟರ್ ಅದನ್ನು ಗಮನವಿಟ್ಟು ಓದಿದರು. ಕೇಸ್ ಶೀಟಿನ ಮೇಲೆ ಇಂಗ್ಲಿಷಿನಲ್ಲಿ ಬರೆದರು. ಅಷ್ಟು ಓದಲು ನನಗೆ ಬರುತ್ತದೆ. ಲೇಟ್ ಆನ್‌ಸೆಟ್ ಸೆಪ್ಸಿಸ್.

ಮಗ ಮಂಜುನಾಥ ರಾಣೆಬೆನ್ನೂರಿನ ಬೀಜದ ಕಂಪನಿಯೊಂದರಲ್ಲಿ ಪ್ಯಾಕಿಂಗ್ ಕೆಲಸದಲ್ಲಿದ್ದಾನೆ. ಅಲ್ಲಿಂದ ನೇರ ಓಡಿಬಂದಿದ್ದ. ಡಾಕ್ಟರ್ ಅವನನ್ನು ಕರೆದು ತಿಳಿಸಿ ಹೇಳಿದರು.

“ಸೆಪ್ಸಿಸ್ ಅಂದ್ರ ರಕ್ತದಾಗ ಬ್ಯಾಕ್ಟೀರಿಯಾ ಸೇರೇದ. ಇದರಾಗ ಎರಡು ನಮೂನಿ. ಹುಟ್ಟಿದ ಎಪ್ಪತ್ತೆರಡು ತಾಸಿನೊಳಗ ಶುರು ಆದ್ರ ಅರ್ಲಿ ಆನ್‌ಸೆಟ್, ಅದು ಬಹಳ ಮಾಡಿ ಹೆರಿಗಿ ವ್ಯಾಳ್ಯಾಕ್ಕ ತಾಯಿ ಕಡೆಯಿಂದ ಬಂದಿರ್ತದ. ಆಮ್ಯಾಲೆ ಶುರು ಆದ್ರ ಲೇಟ್ ಆನ್‌ಸೆಟ್, ಅದು ಹೊರಗಿಂದ, ಮನಿ, ಕೈ, ಬಟ್ಟಿ. ನಿಮ್ಮ ಕೂಸಿಂದು ಲೇಟ್ ಕಾಣ್ತದ. ಹತ್ತು ದಿನ ಇಂಜೆಕ್ಷನ್ ಬೇಕಾಗಬಹುದು. ಶುರುವಾದ ಕೂಡ್ಲೆ ತಂದೀರಿ, ಛಲೋ ಆತು.”

ಸೋಮವಾರ ಬೆಳಿಗ್ಗೆ ಆರರಿಂದ ಎಪ್ಪತ್ತೆರಡು ತಾಸು ಎಂದರೆ ಗುರುವಾರ ಬೆಳಿಗ್ಗೆ ಆರು. ರೇಖಾ ಅಡುಗೆಮನೆಯ ಬಾಗಿಲಿಗೆ ಬಂದು ನಿಂತದ್ದು ಬುಧವಾರ ಸಂಜೆ.

ನಾನು ಸುಮ್ಮನಿದ್ದೆ.

ಅರ್ಲಿಯೋ ಲೇಟೋ, ಔಷಧ ಕೊಡುತ್ತಿದ್ದಾರಲ್ಲ ಎಂದು ಸಮಾಧಾನ ಮಾಡಿಕೊಂಡೆ. ಕೆಲಸ ಹೋಗುತ್ತದೆ ಎಂಬ ಭಯ ಇತ್ತು. ಅದಕ್ಕಿಂತ ಹೆಚ್ಚು, ಎದುರಿಗೆ ನೀಲವ್ವ ಕುಳಿತಿದ್ದಳು. ಅವಳ ಕೈಯಿಂದ ಬಾಣಂತನ ಕಿತ್ತುಕೊಂಡವಳು ನಾನು. ಅವಳೆದುರು ಯಾವ ಮುಖದಿಂದ ಹೇಳುವುದು? ಆ ರಾತ್ರಿ ವರಾಂಡದಲ್ಲಿ ಮಲಗಿದೆವು, ಯಾರೂ ನಿದ್ದೆ ಮಾಡಲಿಲ್ಲ ಎಂದು ಹೇಳಿದರೆ ಸಾಕು.

ಶನಿವಾರ ಬೆಳಿಗ್ಗೆ ಡಾಕ್ಟರ್ ಹೊರಗೆ ಬಂದರು. ಸೋಂಕು ತೋರಿಸುವ ಸಿಆರ್‌ಪಿ ಬಹಳ ಏರಿತ್ತು. ಪ್ಲೇಟ್ಲೆಟ್ ಇಳಿದಿತ್ತು. ಯಾವ ಬ್ಯಾಕ್ಟೀರಿಯಾ ಎಂದು ತಿಳಿಸುವ ಬ್ಲಡ್ ಕಲ್ಚರ್ ವರದಿಗೆ ಇನ್ನೂ ಎರಡು ಮೂರು ದಿನ ಬೇಕಿತ್ತು.

“ಸೋಂಕು ಮೆದುಳಿನ ತನಕಾ ಏರ್ಯದೋ ಇಲ್ಲೋ ನೋಡಾಕ ಬೆನ್ನಾಗಿಂದ ನೀರು ತಗೀಬೇಕಾಗ್ತದ. ಆದ್ರ ಕೂಸು ಭಾಳ ನಾಜೂಕ್ ಅದ, ಪ್ಲೇಟ್ಲೆಟ್ ಕಡಿಮಿ ಅದ. ನಿನ್ನೆ ಶುರುವಾದ ಸೋಂಕು ಇಷ್ಟ ಲಗೂ ಅಲ್ಲಿಗೆ ಹೋಗಿರಲಿಕ್ಕಿಲ್ಲ. ಸೋಮವಾರತನಕಾ ನೋಡೋಣ.”

ನಿನ್ನೆ ಶುರುವಾದ ಸೋಂಕು. ಆ ಮಾತು ಅವರದಲ್ಲ, ನನ್ನದು. ನಾನು ಬೆಂಚಿನ ಮೇಲೆ ಬರೆದ ಆರು ಸಾಲುಗಳನ್ನು ನಂಬಿಕೊಂಡು ಓದಿದ ಒಬ್ಬ ಡಾಕ್ಟರ್ ಒಂದು ಪರೀಕ್ಷೆಯನ್ನು ಮುಂದೂಡುತ್ತಿದ್ದರು.

ಬಾಣಂತಿಯರ ಕೋಣೆಯಲ್ಲಿ ರೇಖಾ ಸ್ಟೀಲಿನ ಬಟ್ಟಲಿಗೆ ಹಾಲು ಹಿಂಡುತ್ತಿದ್ದಳು. ಎರಡು ತಾಸಿಗೊಮ್ಮೆ ಹಿಂಡಿ ಒಳಗೆ ಕಳಿಸಬೇಕು, ಕೂಸಿಗೆ ಕೊಡಲು ಆಗುವ ದಿನಕ್ಕೆ ಹಾಲು ಬತ್ತಿರಬಾರದು. ತಳ ಕಾಣುವಷ್ಟೇ ಹಾಲು. ಅವಳು ತಲೆ ಎತ್ತದೆ ಕೇಳಿದಳು.

“ಅತ್ತಿ, ನಾನು ಬುಧವಾರನ ಹೇಳಿದ್ದೆನಲ್ರಿ?”

ನಾನು ಬಟ್ಟಲಿನ ಕಡೆ ನೋಡಿದೆ.

“ಫಾರ್ಮಿನಾಗ ಛಲೋ ಕುಡಿತೈತಿ ಅಂತ ಐತಂತ. ಇವರು ಹೇಳಿದ್ರು. ಹಂಗಾರ ನನಗ ಭ್ರಮಿ ಆಗಿತ್ತೇನ್ರಿ?”

ಅವಳು ನನ್ನನ್ನು ಚುಚ್ಚುತ್ತಿರಲಿಲ್ಲ. ನಿಜವಾಗಿಯೂ ಕೇಳುತ್ತಿದ್ದಳು. ಆರು ದಿನದ ಬಾಣಂತಿ, ನಿದ್ದೆಯಿಲ್ಲ, ಜ್ವರದಂತೆ ಮೈ ಬಿಸಿ. ತನ್ನ ಕೂಸನ್ನು ತಾನೇ ಸರಿಯಾಗಿ ನೋಡಲಿಲ್ಲವೇನೋ ಎಂದು ಅವಳಿಗೆ ಅನುಮಾನ ಹುಟ್ಟಿತ್ತು. ನನ್ನ ಹಾಳೆಯನ್ನು ಅವಳು ತನ್ನ ಕಣ್ಣಿಗಿಂತ ಹೆಚ್ಚು ನಂಬಿದ್ದಳು.

ನಾನು ಎದ್ದು ಗಾಜಿನ ಬಾಗಿಲಿಗೆ ಹೋದೆ. ಆ ಘಟಕದ ನರ್ಸ್ ಶಾಹಿನಾ ಸಿಸ್ಟರ್ ಅಡ್ಡ ಬಂದಳು.

“ಒಳಗ ಬಿಡಂಗಿಲ್ಲಕ್ಕ, ನಿಮಗ ಗೊತ್ತೈತಲ್ಲ.”

“ಡಾಕ್ಟರ್ ಮೇಡಂಗ ಒಂದು ಮಾತು ಹೇಳಬೇಕವ್ವ. ಈಗ ಹೇಳದಿದ್ರ ಮತ್ತ ನಾ ಹೇಳಂಗಿಲ್ಲ.”

ಅವಳು ನನ್ನ ಮುಖ ನೋಡಿ ಒಳಗೆ ಹೋದಳು. ಡಾಕ್ಟರ್ ಬಂದರು. ನಿಂತಲ್ಲೇ ಹೇಳಿದೆ.

“ಆ ಫಾರ್ಮ್ ಸುಳ್ಳದ್ರಿ ಮೇಡಂ. ನಾ ಕೂಸನ್ನ ನೋಡೇ ಇಲ್ಲ. ಮೀಟಿಂಗಿನಾಗ ಕುಂತು ತುಂಬೇನಿ. ಕೂಸು ಬುಧವಾರ ಸಂಜಿನ ಹಾಲು ಬಿಟ್ಟಿತ್ತು. ಸೊಸಿ ಎರಡು ಸಲ ಹೇಳಿದ್ಲು. ನಾ ಕೇಳಲಿಲ್ಲ.”

ಅವರು ಬೈಯುತ್ತಾರೆ ಎಂದು ಕಾದೆ. ಬೈಯಲಿಲ್ಲ.

“ಬುಧವಾರ ಎಷ್ಟೊತ್ತಿಗೆ?”

“ಆರರ ಸುಮಾರಿಗ್ರಿ.”

“ಹೆರಿಗಿಕಿಂತ ಎಷ್ಟು ಮೊದಲು ನೀರು ಹೋಗಿತ್ತು?”

“ಹಿಂದಿನ ದಿನ ಮುಂಜಾನಿಯಿಂದ ಒಸರತಿತ್ತಂತ್ರಿ.”

ಅವರು ಮನಸ್ಸಿನಲ್ಲೇ ಎಣಿಸಿದರು. ಶೀಟಿನ ಮೇಲೆ ಲೇಟ್ ಎಂಬುದನ್ನು ಹೊಡೆದು ಅರ್ಲಿ ಎಂದು ಬರೆದು, ಪಕ್ಕದಲ್ಲಿ ಸಹಿ ಹಾಕಿದರು. ಸಿಸ್ಟರ್‌ಗೆ ಹೇಳಿದರು, “ಬೆನ್ನಿನ ನೀರು ಈಗ ತಗಿಯೋಣ. ಪ್ಲೇಟ್ಲೆಟ್ ತರಸ್ರಿ ಮೊದಲ.” ನನಗೆ ಹೇಳಿದ್ದು ಇಷ್ಟೇ, “ಹೊರಗ ಕುಂದ್ರಿ.”

ಮಧ್ಯಾಹ್ನ ಎರಡು ಗಂಟೆಗೆ ಬೆನ್ನಿನ ನೀರು ತೆಗೆದರು. ತಿಳಿನೀರಿನಂತೆ ಇರಬೇಕಿತ್ತಂತೆ.

ಮಸುಕಾಗಿತ್ತು.

ಮೆನಿಂಜೈಟಿಸ್. ಸೋಂಕು ಮೆದುಳಿನ ಪೊರೆಗೆ ಏರಿತ್ತು. ಅದೇ ತಾಸಿನಲ್ಲಿ ಔಷಧ ಬದಲಾಯಿತು, ಪ್ರಮಾಣ ಏರಿತು. ಹತ್ತು ದಿನದ ಬದಲು ಇಪ್ಪತ್ತೊಂದು ದಿನ. ಮಂಜುನಾಥ ಕಾಗದಕ್ಕೆ ಸಹಿ ಮಾಡುವಾಗ, ಬೆಳಿಗ್ಗೆ ಬೇರೆ ಹೇಳಿದ್ದಿರಲ್ಲ ಎಂದು ಕೇಳಿದ. ಡಾಕ್ಟರ್ ನನ್ನ ಕಡೆ ನೋಡಿದರು. ನಾನೇ ಹೇಳಿದೆ. ಅವನು ಕೇಳಿಸಿಕೊಂಡು, ಪೆನ್ನು ವಾಪಸು ಕೊಟ್ಟು, ಮೆಟ್ಟಿಲಿಳಿದು ಹೊರಗೆ ಹೋದ. ನನ್ನ ಮಗ ನನ್ನ ಮೇಲೆ ದನಿ ಎತ್ತಿದವನಲ್ಲ. ಅವತ್ತು ಎತ್ತಿದ್ದರೆ ಹಗುರವಾಗುತ್ತಿತ್ತು.

ನೀಲವ್ವನ ಕಿವಿಗೆ ಮುಟ್ಟಿದ್ದು ಬೇರೆ ರೀತಿ. ಲೇಟ್ ಹೋಗಿ ಅರ್ಲಿ ಆಯಿತು, ಅರ್ಲಿ ಎಂದರೆ ತಾಯಿಯಿಂದ ಬಂದದ್ದು, ಅಷ್ಟು ಅವಳಿಗೆ ತಿಳಿಯಿತು. ವರಾಂಡದ ಆ ತುದಿಯಿಂದ ಎದ್ದು ಬಂದಳು.

“ನನ್ನ ಮಗಳ ಹೆಸರಿಗೆ ಬರಸಿದ್ರೇನ್ರಿ? ನಿಮ್ಮ ಮನಿಗೆ ಬಂದ ಮಾತು ತಪ್ಪಸಾಕ?”

ನಾನು ಎಲ್ಲವನ್ನೂ ಮತ್ತೊಮ್ಮೆ ಹೇಳಿದೆ. ಮೂರನೆಯ ಸಲ ಹೇಳುವುದು ಮೊದಲನೆಯದಕ್ಕಿಂತ ಕಷ್ಟ. ಕೂಸು ಕುಡಿಯದೆ ಬಿದ್ದಿದ್ದಾಗ ನಾನು ರೊಟ್ಟಿ ಬಡಿದದ್ದು, ನಕ್ಕದ್ದು, ಬೆಂಚಿನ ಮೇಲೆ ಕೂತು 98.2 ಎಂದು ಬರೆದದ್ದು. ನೀಲವ್ವ ಕೇಳುತ್ತಾ ಕೇಳುತ್ತಾ ಗೋಡೆಗೆ ಒರಗಿ ಕುಳಿತಳು.

“ನಾ ಗಲ್ಲ ಹಚ್ಚಿ ನೋಡಿದ್ನಲ್ರಿ ಬೀಗತಿ,” ಎಂದಳು. “ಅಷ್ಟ ಮಾಡಬೇಕಿತ್ತು ನೀವು.”

 

ಸಂಜೆ ರೇಖಾ ಡಾಕ್ಟರರನ್ನು ಕೇಳಿದಳಂತೆ, ನೀರು ಹೋದದ್ದನ್ನು ಮೊದಲೇ ಹೇಳಿದ್ದರೆ ಹೀಗಾಗುತ್ತಿರಲಿಲ್ಲವೇ ಎಂದು. ಅವರು ಅವಳ ಪಕ್ಕ ಕುಳಿತು ಹೇಳಿದ ಮಾತನ್ನು ಶಾಹಿನಾ ಸಿಸ್ಟರ್ ನನಗೆ ಹೇಳಿದಳು. ನೀರು ಬೇಗ ಹೋದ ಎಷ್ಟೋ ತಾಯಂದಿರ ಕೂಸುಗಳಿಗೆ ಏನೂ ಆಗುವುದಿಲ್ಲ, ಹೋಗದವರ ಕೂಸಿಗೂ ಆಗುತ್ತದೆ. ಅರ್ಲಿ, ಲೇಟ್ ಎಂದು ವಿಂಗಡಿಸುವುದು ಯಾವ ಔಷಧ, ಎಷ್ಟು ದಿನ ಎಂದು ತಿಳಿಯಲಿಕ್ಕೆ, ಯಾರನ್ನು ಹಿಡಿಯಬೇಕು ಎಂದಲ್ಲ. ರೇಖಾ ಅದನ್ನು ಎಷ್ಟು ನಂಬಿದಳೋ ಗೊತ್ತಿಲ್ಲ.

ಭಾನುವಾರ ಕೂಸಿಗೆ ಫಿಟ್ಸ್ ಬಂತು. ಗಾಜಿನಿಂದ ನೋಡಿದೆ. ಸೈಕಲ್ ತುಳಿಯುವಂತೆ ಎರಡೂ ಕಾಲು ಆಡುತ್ತಿದ್ದವು. ಮೂರು ದಿನದಿಂದ ಅಲುಗದ ಕಾಲುಗಳು ಆಡುವುದನ್ನು ನೋಡಿ ಒಂದು ಕ್ಷಣ ಖುಷಿಪಟ್ಟೆ. ಆಮೇಲೆ ಸಿಸ್ಟರ್ ಓಡಿದ್ದು ಕಂಡಿತು. ಅರ್ಧ ತಾಸಿನ ಮೇಲೆ ಡಾಕ್ಟರ್ ಹೊರಗೆ ಬಂದು, ಫಿಟ್ಸ್ ನಿಂತಿದೆ ಎಂದರು. “ನಿನ್ನೇನ ಔಷಧ ಬದಲಿ ಮಾಡಿದ್ದು ಛಲೋ ಆತು. ಸೋಮವಾರತನಕಾ ಕಾದಿದ್ರ…” ಎಂದು ಅಲ್ಲಿಗೇ ನಿಲ್ಲಿಸಿದರು.

ಕಲ್ಚರ್ ವರದಿಯಲ್ಲಿ ಇ ಕೊಲೈ ಎಂಬ ಬ್ಯಾಕ್ಟೀರಿಯಾ ಬೆಳೆದಿತ್ತು. ಅದಕ್ಕೆ ನಡೆಯುವ ಔಷಧವನ್ನೇ ಕೊಡುತ್ತಿದ್ದರು.

ಆಮೇಲಿನದು ದಿನ ಎಣಿಸುವ ಕೆಲಸ. ನಾನು ದಿನಾ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ರಾಣೆಬೆನ್ನೂರಿನಿಂದ ಹಾವೇರಿ ಬಸ್ಸು ಹತ್ತುತ್ತಿದ್ದೆ. ನೀಲವ್ವ ಕೆಲಸ ಬಿಟ್ಟು ಮಗಳ ಹತ್ತಿರವೇ ಉಳಿದಳು. ನಾನು ತಂದ ಬುತ್ತಿಯನ್ನು ಅವಳು ತೆಗೆದುಕೊಂಡು ಮಗಳಿಗೆ ಉಣಿಸುತ್ತಿದ್ದಳು. ನನಗೂ ಒಂದು ರೊಟ್ಟಿ ಕೊಡುತ್ತಿದ್ದಳು, ಮಾತು ಕೊಡುತ್ತಿರಲಿಲ್ಲ. ರೇಖಾ ಬೇಕಾದಷ್ಟೇ ಮಾತಾಡುತ್ತಿದ್ದಳು. ಸೀರೆ ತಂದೀರೇನ್ರಿ, ಬಿಸಿನೀರು ಐತೇನ್ರಿ. ಕೂಸಿನ ವಿಷಯ ನನಗೆ ಹೇಳುವುದನ್ನು ಅವಳು ಬಿಟ್ಟಿದ್ದಳು. ಹೇಳಿದಾಗ ಕೇಳದವಳಿಗೆ ಯಾಕೆ ಹೇಳಬೇಕು? ನಾನು ಶಾಹಿನಾ ಸಿಸ್ಟರನ್ನು ಬಾಗಿಲಲ್ಲಿ ಹಿಡಿದು ಕೇಳುತ್ತಿದ್ದೆ. ಇವತ್ತು ಟ್ಯೂಬಿನಲ್ಲಿ ಐದು ಎಂಎಲ್. ಇವತ್ತು ಹತ್ತು. ಇವತ್ತು ಆಕ್ಸಿಜನ್ ತೆಗೆದರು. ಇವತ್ತು ಕೈಯಲ್ಲಿ ನರ ಸಿಗದೆ ತಲೆಗೆ ಸೂಜಿ ಹಾಕಿದರು. ಮನೆಗೆ ಬಂದು ಅಡುಗೆಮನೆಯಲ್ಲಿ ಕುಳಿತರೆ ಆ ಬಾಗಿಲ ಕಡೆ ನೋಡಲು ಆಗುತ್ತಿರಲಿಲ್ಲ.

ಆ ನಡುವೆ ಒಂದು ದಿನ ಆರೋಗ್ಯ ಕೇಂದ್ರಕ್ಕೆ ಹೋಗಿ ಮೇಲ್ವಿಚಾರಕಿಗೆ ಹೇಳಿದೆ. ಹೋಗ್ಲಿ ಬಿಡಕ್ಕ, ಯಾರಿಗೆ ಗೊತ್ತಾಗ್ತೈತಿ ಎಂದರು. ಅವರ ಮನಸ್ಸು ಒಳ್ಳೆಯದು. ನಾನು ಬಿಡಲಿಲ್ಲ. ಆ ಹಾಳೆಯ ಮೇಲೆ ಅಡ್ಡಗೆರೆ ಎಳೆದು, ಕೂಸನ್ನು ನೋಡದೆ ತುಂಬಿದ್ದು ಎಂದು ಬರೆದು ಸಹಿ ಹಾಕಿದೆ. ವೈದ್ಯಾಧಿಕಾರಿಗಳು ನೋಟಿಸ್ ಕೊಟ್ಟರು. ಉತ್ತರ ಬರೆದೆ. ಕೆಲಸ ಉಳಿದಿದೆ. ಈಗ ಪ್ರತಿ ಮನೆಯಲ್ಲೂ ತಾಯಿ ಏನು ಹೇಳುತ್ತಾಳೆ ಎಂದು ಮೊದಲು ಕೇಳುತ್ತೇನೆ, ಆಮೇಲೆ ಚೀಲ ಬಿಚ್ಚುತ್ತೇನೆ.

ಆಸ್ಪತ್ರೆಗೆ ಸೇರಿಸಿದ ಹನ್ನೊಂದನೆಯ ದಿನ ವರಾಂಡದಲ್ಲಿ ಕುಳಿತಿದ್ದಾಗ ಒಳಗೆ ಒಂದು ಕೂಸು ಜೋರಾಗಿ ಅತ್ತಿತು. ಅಲ್ಲಿ ಹದಿನಾರು ಕೂಸುಗಳಿದ್ದವು, ಯಾವುದು ಬೇಕಾದರೂ ಇರಬಹುದಿತ್ತು. ರೇಖಾ ಎದ್ದು ನಿಂತಳು. “ನಮ್ಮದು,” ಎಂದಳು. ನಾನು ಅನುಮಾನಪಡಲಿಲ್ಲ. ಬಾಗಿಲು ತೆರೆದು ಶಾಹಿನಾ ಸಿಸ್ಟರ್ ನಗುತ್ತಾ ಕೈ ಸನ್ನೆ ಮಾಡಿ ಅವಳನ್ನು ಒಳಗೆ ಕರೆದಳು. ನೀಲವ್ವ ಗೋಡೆಯ ಕಡೆ ತಿರುಗಿ ಕಣ್ಣು ಒರೆಸಿಕೊಂಡಳು, ಮೆಣಸಿನಕಾಯಿ ಕೈ ಅಲ್ಲವೇ, ಸೆರಗಿನಿಂದ ಒರೆಸಿಕೊಂಡಳು. ನಾನು ಅಲ್ಲೇ ಕುಳಿತು ಅತ್ತೆ.

ಇಪ್ಪತ್ತೊಂದು ದಿನ ಮುಗಿಸಿ ಮನೆಗೆ ಕಳಿಸುವಾಗ ಡಾಕ್ಟರ್ ಎಚ್ಚರಿಕೆಯಿಂದ ಮಾತಾಡಿದರು. ಕೂಸು ಬದುಕಿದೆ, ಗೆಲುವಾಗಿದೆ. ಆದರೆ ಮೆನಿಂಜೈಟಿಸ್ ಆದ ಕೂಸುಗಳಿಗೆ ಕಿವಿ ಕೇಳಿಸದಿರಬಹುದು, ಕೂರುವುದು ನಡೆಯುವುದು ತಡವಾಗಬಹುದು. ಈಗಲೇ ಏನೂ ಹೇಳಲು ಬರುವುದಿಲ್ಲ. ಕಿವಿ ಪರೀಕ್ಷೆ ಮಾಡಿಸಬೇಕು, ಮತ್ತೆ ಮತ್ತೆ ತೋರಿಸಬೇಕು.

ಆಸ್ಪತ್ರೆಯ ಬಾಗಿಲಲ್ಲಿ ರೇಖಾ ಮಂಜುನಾಥನಿಗೆ, “ನಾ ಬ್ಯಾಡಗಿಗೆ ಹೊಕ್ಕೇನಿ,” ಎಂದಳು. ಅವನು ನನ್ನ ಕಡೆ ನೋಡಲಿಲ್ಲ, ಹೂಂ ಎಂದ. ನಾನೂ ಹೂಂ ಎಂದೆ, ನನ್ನನ್ನು ಯಾರೂ ಕೇಳದಿದ್ದರೂ.

ವಾರಕ್ಕೊಮ್ಮೆ ಬ್ಯಾಡಗಿಗೆ ಹೋಗಿ ಬರುತ್ತಿದ್ದೆ. ನೀಲವ್ವ ಬಾಗಿಲಲ್ಲೇ ಸೋಪು ಹಿಡಿದು ನಿಂತಿರುತ್ತಿದ್ದಳು. “ಕೈ ತೊಳಕೊಂಡು ಬರ್ರಿ.” ಅವರ ಓಣಿಯ ಆಶಾ ಕಾರ್ಯಕರ್ತೆ ಚಿಕ್ಕ ವಯಸ್ಸಿನ ಹುಡುಗಿ, ಒಮ್ಮೆ ನಾನಿದ್ದಾಗಲೇ ಬಂದಳು. ಕೂಸನ್ನು ಮುಟ್ಟುವ ಮೊದಲು ಉಂಗುರ ತೆಗೀರಿ ಅಜ್ಜಿ, ಬಳೆ ಮೇಲೇರಿಸ್ರಿ ಎಂದು ನನಗೇ ಜೋರು ಮಾಡಿದಳು. ತೆಗೆದೆ. ಅವಳು ಬಟ್ಟೆ ಬಿಚ್ಚಿ, ತೂಗಿ, ಗಡಿಯಾರ ಹಿಡಿದು ಪೂರ್ತಿ ಒಂದು ನಿಮಿಷ ಎಣಿಸಿದಳು. ಹೊಟ್ಟೆಕಿಚ್ಚೂ ಆಯಿತು, ಸಮಾಧಾನವೂ ಆಯಿತು. ಕೂಸನ್ನು ನೋಡುತ್ತಿದ್ದೆ, ಮಾತಾಡಿಸುತ್ತಿರಲಿಲ್ಲ. ಕೇಳಿಸುತ್ತದೋ ಇಲ್ಲವೋ ಎಂಬ ಭಯ. ಕರೆದು, ಅದು ತಿರುಗದಿದ್ದರೆ ಎಂಬ ಭಯ.

ಮೊದಲ ಕಿವಿ ಪರೀಕ್ಷೆಯಲ್ಲಿ ಬಲಗಿವಿ ಪಾಸಾಗಲಿಲ್ಲ. ಮೂರು ತಿಂಗಳು ತುಂಬಿದಾಗ ಮತ್ತೆ ಹಾವೇರಿಗೆ ಹೋದೆವು, ರೇಖಾ, ನೀಲವ್ವ, ನಾನು. ಕೂಸಿನ ತಲೆಗೆ ತಂತಿ ಅಂಟಿಸಿ, ನಿದ್ದೆ ಬರಿಸಿ, ಒಂದು ತಾಸು ಪರೀಕ್ಷೆ. ಎಡಗಿವಿ ಚೆನ್ನಾಗಿ ಕೇಳಿಸುತ್ತದೆ. ಬಲಗಿವಿಗೆ ಕೇಳಿಸುವುದಿಲ್ಲ. ಒಂದು ಕಿವಿ ಸರಿಯಿದ್ದರೆ ಮಾತು ಬರುತ್ತದೆ, ಆ ಕಡೆಯಿಂದ ಬಹಳ ಮಾತಾಡಿಸ್ರಿ ಎಂದರು. ಕುತ್ತಿಗೆ ನಿಂತಿದೆ, ಕಣ್ಣು ಹಿಂಬಾಲಿಸುತ್ತದೆ, ಉಳಿದದ್ದನ್ನು ಮುಂದೆ ನೋಡೋಣ ಎಂದರು.

ಆ ಬಲಗಿವಿ ನನ್ನ ಲೆಕ್ಕಕ್ಕೆ. ಎರಡು ದಿನ ಮೊದಲು ತಂದಿದ್ದರೆ ಉಳಿಯುತ್ತಿತ್ತೇ ಎಂದು ಡಾಕ್ಟರರನ್ನು ಕೇಳಿದೆ. ಹೇಳಲು ಬರುವುದಿಲ್ಲ ಎಂದರು. ಶನಿವಾರ ಹೇಳದಿದ್ದರೆ ಕೂಸು ಉಳಿಯುತ್ತಿತ್ತೇ ಎಂದು ಕೇಳಲಿಲ್ಲ. ಎರಡೂ ನನ್ನವೇ. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಡಲು ಬರುವುದಿಲ್ಲ. ಕೂಸು ಇದೆ. ಅಷ್ಟಕ್ಕೆ ದಿನಾ ಕೈ ಮುಗಿಯುತ್ತೇನೆ.

ವಾಪಸು ಬರುವಾಗ ರಾಣೆಬೆನ್ನೂರು ಬಸ್ಸಿನಲ್ಲಿ ಕುಳಿತೆವು. ಅವರಿಬ್ಬರೂ ಮೋಟೆಬೆನ್ನೂರಿನಲ್ಲಿ ಇಳಿದು ಬ್ಯಾಡಗಿ ಗಾಡಿ ಹಿಡಿಯಬೇಕು. ನೀಲವ್ವ ಮುಂದಿನ ಸೀಟಿನಲ್ಲಿ, ರೇಖಾ ಕಿಟಕಿಯ ಪಕ್ಕ, ನಾನು ಅವಳ ಪಕ್ಕ. ಬಸ್ಸು ಹಾವೇರಿ ದಾಟಿತು. ಕೂಸು ಅವಳ ತೊಡೆಯ ಮೇಲೆ ಎಚ್ಚರಾಗಿತ್ತು. ರೇಖಾ ಅದನ್ನು ಎತ್ತಿ, ಮಗ್ಗಲು ಬದಲಿಸಿ, ಎಡಗಿವಿ ನನ್ನ ಕಡೆ ಬರುವಂತೆ ಮಲಗಿಸಿಕೊಂಡಳು. ಕುಂಚಿಗೆಯ ಅಂಚನ್ನು ಕಿವಿಯ ಮೇಲಿಂದ ಸರಿಸಿದಳು.

“ಮಾತಾಡ್ರಿ ಅತ್ತಿ. ಈ ಕಿವಿಗೆ ಕೇಳತೈತಿ.”

ಊರಿಗೆಲ್ಲ ಬಾಯಿ ಮಾಡುವ ನಾನು ಆ ಕಿವಿಯ ಹತ್ತಿರ ಬಗ್ಗಿದೆ. ಮೆಲ್ಲಗೆ, “ನಾನಪಾ, ನಿಮ್ಮಜ್ಜಿ,” ಎಂದೆ.

ಕೂಸು ತಲೆ ಹೊರಳಿಸಿ ನನ್ನನ್ನು ನೋಡಿತು.